ಘಾನಾ ಬಿಸಿನೆಸ್ ವೀಸಾ: ಗಂಗಾವತಿಯಿಂದ ಅರ್ಜಿ ಹಾಕುವಾಗ ಯಾವ ಕೆಲಸ ಮೊದಲು?

ಭತ್ತದ ಕಣಜ, ಗಂಗಾವತಿ

ನಮ್ಮದು ಗಂಗಾವತಿ ಹತ್ತಿರ ರೈಸ್ ಮಿಲ್. ಘಾನಾದ ಅಕ್ರಾದಲ್ಲಿ ಅಕ್ಕಿ ತರಿಸುವ ಕಂಪನಿಯೊಂದು ಮಾತುಕತೆಗೆ ಕರೆದಿದೆ, ಆಹ್ವಾನ ಪತ್ರ ಇನ್ನೂ ಬರಬೇಕು. ಹೋಗುವವರು ಅಪ್ಪಾಜಿ ಮತ್ತು ನಾನು. ಅಪ್ಪಾಜಿಗೆ 62, ಬಿಪಿ ಮಾತ್ರೆ ತಗೋತಾರೆ. ಅವರ ಪಾಸ್‌ಪೋರ್ಟ್ ಅವಧಿ ಇನ್ನು ಏಳು ತಿಂಗಳಿದೆ. ಅದರಲ್ಲಿ ಹುಟ್ಟೂರು ಗಂಗಾವತಿ, ರಾಯಚೂರು ಎಂದಿದೆ. ಆಧಾರ್‌ನಲ್ಲಿ ಕೊಪ್ಪಳ ಜಿಲ್ಲೆ. ಅಲ್ಲಿಂದಲೇ ಟೋಗೋದ ಲೋಮೆಗೂ ಹೋಗಿ ಬರುವ ಯೋಚನೆ ಇದೆ. ಏಜೆಂಟರು ‘ಮೊದಲು ಪಾಸ್‌ಪೋರ್ಟ್ ದೆಹಲಿಗೆ ಕಳಿಸಿಬಿಡಿ, ಉಳಿದದ್ದು ಆಮೇಲೆ ನೋಡೋಣ’ ಅನ್ನುತ್ತಿದ್ದಾರೆ. ಹಾಗೆ ಮಾಡಬಹುದಾ?

ಎಡದಂಡೆ ಕಾಲುವೆ

ಬೇಡ ಸರ್. ಪಾಸ್‌ಪೋರ್ಟ್ ದೆಹಲಿಯ ಘಾನಾ ಹೈಕಮಿಷನ್‌ನಲ್ಲಿ (ರಾಯಭಾರ ಕಚೇರಿ) ಕೂತರೆ, ಘಾನಾಕ್ಕೆ ಹೋಗಲು ಕಡ್ಡಾಯವಾದ ಯೆಲ್ಲೋ ಫೀವರ್ (ಹಳದಿ ಜ್ವರ) ಲಸಿಕೆ ಹಾಕಿಸುವುದಕ್ಕೆ ಆಗುವುದಿಲ್ಲ. ಲಸಿಕೆ ಕೇಂದ್ರದವರು ಮೂಲ ಪಾಸ್‌ಪೋರ್ಟ್ ನೋಡಿ, ಅದರ ನಂಬರನ್ನು ಲಸಿಕೆ ಕಾರ್ಡಿನಲ್ಲಿ ಬರೆಯುತ್ತಾರೆ. ಆ ಕಾರ್ಡಿನ ಪ್ರತಿ ಇಲ್ಲದಿದ್ದರೆ ಅರ್ಜಿ ಅರ್ಧಕ್ಕೇ ನಿಲ್ಲುತ್ತದೆ. ಎರಡೂ ಕಡೆ ಸಿಕ್ಕಿಹಾಕಿಕೊಂಡು ಕೊನೆಗೆ ಪಾಸ್‌ಪೋರ್ಟ್ ವಾಪಸ್ ತರಿಸಿಕೊಳ್ಳಬೇಕಾಗುತ್ತದೆ.

ನಿಮ್ಮ ಮನೆಯ ಲೆಕ್ಕಕ್ಕೆ ಎಲ್ಲಕ್ಕಿಂತ ಮೊದಲು ಅಪ್ಪಾಜಿಯವರ ಪಾಸ್‌ಪೋರ್ಟ್ ನವೀಕರಣ. ಕನಿಷ್ಠ ಆರು ತಿಂಗಳು ಅವಧಿ ಉಳಿದಿರಬೇಕು. ಏಳು ತಿಂಗಳು ಸಾಕಲ್ಲ ಅನ್ನಿಸಬಹುದು, ಆದರೆ ಲಸಿಕೆ, ಪತ್ರ, ವೀಸಾ ಅಂತ ಓಡಾಡುವಷ್ಟರಲ್ಲೇ ಅದು ಐದಕ್ಕೆ ಇಳಿದಿರುತ್ತದೆ. ಅವಧಿ ಮುಗಿಯುವ ಒಂದು ವರ್ಷ ಮೊದಲಿಂದಲೇ ನವೀಕರಣಕ್ಕೆ ಹಾಕಬಹುದು. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಹೊಸ ಪುಸ್ತಕಕ್ಕೆ ಹೊಸ ನಂಬರ್ ಬರುತ್ತದೆ, ಹಾಗಾಗಿ ಲಸಿಕೆ ಅದಾದ ಮೇಲೇ. ಆಹ್ವಾನ ಪತ್ರದಲ್ಲೂ ಆ ಹೊಸ ನಂಬರೇ ಇರಬೇಕು. ಅಕ್ರಾದವರು ಹಳೇ ನಂಬರ್ ಹಾಕಿ ಪತ್ರ ತಯಾರಿಸಿಬಿಟ್ಟಾರು, ಈಗಲೇ ಹೇಳಿ ತಡೆಯಿರಿ.

ಹುಟ್ಟೂರಿನ ಚಿಂತೆ ಬಿಡಿ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಮೊದಲು ಗಂಗಾವತಿ ರಾಯಚೂರು ಜಿಲ್ಲೆಯಲ್ಲೇ ಇತ್ತು. ವೀಸಾ ಫಾರ್ಮಿನಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನು ಅಕ್ಷರ ಬಿಡದೆ ಬರೆಯಿರಿ.

ಕೃಷ್ಣಾ ತೀರ, ರಾಯಚೂರು

ಲಸಿಕಿ ವಿಷಯ ನಾ ಬರೀತೀನ್ರಿ. ಈ ಸೂಜಿ ಕಂಡ ದವಾಖಾನ್ಯಾಗ ಹಾಕಿಸಿದ್ರ ನಡಿಯಂಗಿಲ್ಲ. ಕೇಂದ್ರ ಸರ್ಕಾರ ಒಪ್ಪಿಗಿ ಕೊಟ್ಟ ಕೇಂದ್ರದಾಗ ಹಾಕಿಸಿಕೊಂಡು, ಅಲ್ಲಿ ಸೀಲ್ ಇರೋ ಹಳದಿ ಕಾರ್ಡ್ ತಗೋಬೇಕ್ರಿ. ಬೆಂಗಳೂರಾಗ ಶೇಷಾದ್ರಿ ರಸ್ತೆದ ಪಬ್ಲಿಕ್ ಹೆಲ್ತ್ ಇನ್‌ಸ್ಟಿಟ್ಯೂಟ್ ಅದ. ನಮ್ಮ ರಾಯಚೂರು ಕಡಿಯವ್ರಿಗೆ ಹೈದರಾಬಾದ್ ಸಮೀಪ, ಅಲ್ಲಿ ನಾರಾಯಣಗೂಡದಾಗ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಅದ. ಎರಡೂ ಕಡಿ ಮೊದಲ ವಿಚಾರಿಸಿ ಹೋಗ್ರಿ. ಒಂದು ಬಾಟ್ಲಿಯಾಗ ಹಲವು ಮಂದಿ ಡೋಸ್ ಇರ್ತದ, ಒಡದ ಮ್ಯಾಲ ಕೆಲವೇ ತಾಸಿನಾಗ ಮುಗಿಸಬೇಕು, ಅದಕ್ಕಂತ ಗೊತ್ತಾದ ದಿನಾನೇ ಹಾಕ್ತಾರ.

ಹಾಕಿಸಿದ ಹತ್ತು ದಿನ ಆದ ಮ್ಯಾಲ ಆ ಕಾರ್ಡಿಗೆ ಬೆಲಿ. ಒಂಬತ್ತನೇ ದಿನಕ್ಕ ವಿಮಾನ ಹತ್ತಿದ್ರ ಅಲ್ಲಿ ಇಳಿದಾಗ ತಡೀಬಹುದು. 2016ರಿಂದ ಒಂದೇ ಡೋಸ್ ಜೀವನಪೂರ್ತಿ ನಡೀತದ, ಹತ್ತು ವರ್ಷಕ್ಕ ಮತ್ತ ಹಾಕಿಸಬೇಕು ಅಂತ ಯಾರರ ಹೇಳಿದ್ರ ಅದು ಹಳೇ ಮಾತು.

ಅಪ್ಪಾಜಿಯವ್ರ ಬಗ್ಗಿ ಸ್ವಲ್ಪ ಜ್ವಾಕಿ. ಬಿಪಿ ಇದ್ರ ತೊಂದ್ರಿ ಇಲ್ಲ. ಆದ್ರ ಇದು ಜೀವಂತ ವೈರಸ್ಸಿನ ಲಸಿಕಿ. 60 ದಾಟಿದವ್ರು ಮೊದಲ ಸಲ ತಗೊಂಡಾಗ ಅಪರೂಪಕ್ಕ ಗಂಭೀರ ಅಡ್ಡ ಪರಿಣಾಮ ಆಗೋ ಸಂಭವ ಸಣ್ಣ ವಯಸ್ಸಿನವ್ರಿಗಿಂತ ಜಾಸ್ತಿ. ನಿಮ್ಮ ಡಾಕ್ಟರ್ ಹತ್ರ ಕುಂತು ಮಾತಾಡಿನೇ ಹೋಗ್ರಿ. ತತ್ತಿ ತಿಂದ್ರ ಜೋರು ಅಲರ್ಜಿ ಆಗೋರು, ಸ್ಟಿರಾಯ್ಡ್ ಭಾಳ ತಗೊಳ್ಳೋರು, ಕ್ಯಾನ್ಸರ್ ಚಿಕಿತ್ಸಾದಾಗ ಇರೋರು ಹಾಕಿಸ್ಕೊಬಾರದು. ಡಾಕ್ಟರ್ ಬ್ಯಾಡ ಅಂದ್ರ ವಿನಾಯ್ತಿ ಪತ್ರ ಕೊಡ್ತಾರ, ಆದ್ರ ಅದನ್ನ ಒಪ್ಪೋದು ಬಿಡೋದು ಆ ದೇಶದವ್ರ ಕೈಯಾಗ ಅದ. ಹಂಗಾದ್ರ ನೀವೊಬ್ರೇ ಹೋಗೋದು ಚಲೋ. ವ್ಯಾಪಾರ ಮತ್ತೊಮ್ಮೆ ಮಾಡಬಹುದ್ರಿ.

ಕಾರ್ಡ್ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ನೋಡ್ರಿ: ಹೆಸರಿನ ಅಕ್ಷರ, ಪಾಸ್‌ಪೋರ್ಟ್ ನಂಬರ್, ತಾರೀಖು, ಲಸಿಕಿ ಬ್ಯಾಚ್ ನಂಬರ್, ಡಾಕ್ಟರ್ ಸಹಿ, ಸೀಲ್. ತಿರುಗಿ ಬರೋವಾಗ ನಮ್ಮ ದೇಶದ ಏರ್‌ಪೋರ್ಟಿನಾಗೂ ಕೇಳ್ತಾರ. ಇಲ್ಲಾಂದ್ರ ಆರು ದಿನದ ತನಕ ಪ್ರತ್ಯೇಕವಾಗಿ ಇಟ್ಕೊಳ್ಳಾಕ ಅವಕಾಶ ಅದ. ಮಲೇರಿಯಾ ಗುಳಿಗಿನೂ ಅದೇ ಡಾಕ್ಟರ್ ಹತ್ರ ಬರೆಸ್ಕೊಳ್ರಿ, ಘಾನಾದಾಗ ವರ್ಷಪೂರ್ತಿ ಇರ್ತದ.

ಕೋಟೆ ಕೆಳಗೆ, ಬಳ್ಳಾರಿ

ಕಾಗದಪತ್ರದ ಬಗ್ಗೆ, ಮುಖ್ಯವಾಗಿ ಬ್ಯಾಂಕ್ ಸ್ಟೇಟ್‌ಮೆಂಟ್. ರೈಸ್ ಮಿಲ್‌ನವರು ಸಾಮಾನ್ಯವಾಗಿ ಮಿಲ್‌ನ ಸಿಸಿ ಖಾತೆಯ ಆರು ತಿಂಗಳ ಸ್ಟೇಟ್‌ಮೆಂಟ್ ಇಡುತ್ತಾರೆ. ಸಿಸಿ ಅಂದರೆ ಸಾಲದ ಖಾತೆ, ಅದರ ಬ್ಯಾಲೆನ್ಸ್ ಸಾಮಾನ್ಯವಾಗಿ ಮೈನಸ್‌ನಲ್ಲೇ ಇರುತ್ತದೆ. ವೀಸಾ ನೋಡುವವರಿಗೆ ಅದು ಭತ್ತ ಖರೀದಿಯ ಸಾಲ ಅಂತ ಗೊತ್ತಾಗಲ್ಲ, ಕೈಯಲ್ಲಿ ದುಡ್ಡಿಲ್ಲದವರು ಅಂತ ಕಾಣುತ್ತದೆ. ಇಬ್ಬರ ಉಳಿತಾಯ ಖಾತೆಯ ಸ್ಟೇಟ್‌ಮೆಂಟ್ ಬ್ಯಾಂಕ್ ಸೀಲ್ ಹಾಕಿಸಿ ಇಡಿ, ಎಫ್‌ಡಿ ಇದ್ದರೆ ಅದರ ಪ್ರತಿ, ಐಟಿ ರಿಟರ್ನ್ ಇಡಿ. ಸಿಸಿ ಸ್ಟೇಟ್‌ಮೆಂಟ್ ಇಡಲೇಬೇಕಾದರೆ ಅದು ದುಡಿಮೆ ಬಂಡವಾಳದ ಸಾಲ ಎಂದು ಬ್ಯಾಂಕಿನಿಂದ ಒಂದು ಪತ್ರ ತಗೊಳ್ಳಿ. ಅರ್ಜಿ ಹಾಕುವ ವಾರ ದೊಡ್ಡ ಮೊತ್ತ ತಂದು ಜಮಾ ಮಾಡಿದರೆ ಅನುಮಾನಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ಮಿಲ್‌ನ ಲೆಟರ್‌ಹೆಡ್‌ನಲ್ಲಿ ಒಂದು ಕವರಿಂಗ್ ಲೆಟರ್: ಇಬ್ಬರ ಹೆಸರು, ಪಾಸ್‌ಪೋರ್ಟ್ ನಂಬರ್, ಹೋಗುವ ಬರುವ ದಿನ, ಯಾರನ್ನು ಯಾಕೆ ಭೇಟಿ, ಖರ್ಚು ಯಾರದು. ಅದರ ಜೊತೆ ಜಿಎಸ್‌ಟಿ ನೋಂದಣಿ, ಐಇಸಿ (ಆಮದು-ರಫ್ತು ಕೋಡ್) ಪ್ರತಿ. ಅಕ್ರಾದವರ ಪತ್ರದಲ್ಲೂ ಇದೇ ದಿನಾಂಕ, ಇದೇ ಖರ್ಚಿನ ಮಾತು ಇರಬೇಕು. ಅವರ ಕಂಪನಿ ನೋಂದಣಿ ಪತ್ರ ಮತ್ತು ಸಹಿ ಮಾಡಿದವರ ಗುರುತಿನ ಚೀಟಿಯ ಪ್ರತಿಯನ್ನೂ ಕೇಳಿ ತರಿಸಿ. ‘ಖರ್ಚೆಲ್ಲ ನಮ್ಮದು’ ಅಂತ ಅವರು, ‘ಖರ್ಚು ನಮ್ಮದು’ ಅಂತ ನೀವು ಬರೆದರೆ ಎರಡೂ ಪತ್ರ ಕೆಟ್ಟವು.

ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆಯಾ ನೋಡಿ. ನಮ್ಮ ಕಡೆ ಇದು ಬಹಳ. ನವೀಕರಣಕ್ಕೆ ಹೋಗುತ್ತಲೇ ಇದ್ದೀರಿ, ಹೆಸರು ಒಡೆದು ಸರ್‌ನೇಮ್ ತುಂಬಿಸಿಕೊಳ್ಳಿ, ಟಿಕೆಟ್ ಮಾಡುವಾಗ ಪರದಾಟ ತಪ್ಪುತ್ತದೆ. ಬಳ್ಳಾರಿಯವರು ಓದುತ್ತಿದ್ದರೆ: 2014ರ ನವೆಂಬರ್ 1ರಿಂದ ಊರಿನ ಇಂಗ್ಲಿಷ್ ಕಾಗುಣಿತ ಬದಲಾಗಿದೆ. ಹಳೇ ಪಾಸ್‌ಪೋರ್ಟಿನಲ್ಲಿ ಹಳೇ ಕಾಗುಣಿತ ಇದ್ದರೆ ಫಾರ್ಮಿನಲ್ಲೂ ಅದೇ ಇರಲಿ.

ವೀಸಾ ಕೈಗೆ ಬರುವವರೆಗೆ ಟಿಕೆಟ್ ಬರೀ ರಿಸರ್ವೇಶನ್ ಸಾಕು, ದುಡ್ಡು ವಾಪಸ್ ಬರದ ಟಿಕೆಟ್ ತಗೋಬೇಡಿ.

ಭತ್ತದ ಕಣಜ, ಗಂಗಾವತಿ

ಎಲ್ಲರಿಗೂ ಧನ್ಯವಾದ, ಪಾಸ್‌ಪೋರ್ಟ್ ಕಳಿಸುವುದು ನಿಲ್ಲಿಸಿದೆ. ಲೋಮೆ ಬಗ್ಗೆ ಯಾರಾದರೂ ಹೇಳಿ. ಘಾನಾ ವೀಸಾದ ಮೇಲೇ ಹೋಗಬಹುದು ಅಂತ ಏಜೆಂಟರು ಹೇಳ್ತಾರೆ. ಲೋಮೆಯ ಪಾರ್ಟಿ ಬೇರೆ. ಅವರು 500 ಟನ್ ಸ್ಟೀಮ್ ಅಕ್ಕಿಗೆ ಸರ್ಕಾರಿ ಟೆಂಡರ್ ಇದೆ, ಮೊದಲು ವಕೀಲರ ನೋಂದಣಿ ಶುಲ್ಕ ಕಟ್ಟಿ ಅನ್ನುತ್ತಿದ್ದಾರೆ.

ಎಡದಂಡೆ ಕಾಲುವೆ

ಶುಲ್ಕ ಕಟ್ಟಬೇಡಿ ಸರ್, ಒಂದು ಪೈಸೆಯೂ. ದೊಡ್ಡ ಟೆಂಡರ್ ತೋರಿಸಿ, ದರದ ಬಗ್ಗೆ ಚೌಕಾಸಿಯನ್ನೇ ಮಾಡದೆ ಒಪ್ಪಿ, ನೋಂದಣಿ, ವಕೀಲ, ನೋಟರಿ ಅಂತ ಒಂದೊಂದಾಗಿ ಕೇಳುವುದು ಮೋಸಗಾರರ ಹಳೆಯ ದಾರಿ. ನಿಜವಾಗಿ ಅಕ್ಕಿ ಬೇಕಾದವರು ನುಚ್ಚು ಎಷ್ಟು ಪರ್ಸೆಂಟ್, ತೇವಾಂಶ ಎಷ್ಟು, ಬ್ಯಾಗ್ 25 ಕೆಜಿಯದಾ 50ರದಾ ಅಂತ ಕೇಳುತ್ತಾರೆ. ಪಾರ್ಟಿಯ ಹೆಸರು, ವಿಳಾಸ ಕೊಟ್ಟು ಅಲ್ಲಿಯ ಭಾರತೀಯ ದೂತಾವಾಸದ ವಾಣಿಜ್ಯ ವಿಭಾಗಕ್ಕೆ ಇಮೇಲ್ ಮಾಡಿ ವಿಚಾರಿಸಿ. ಅಕ್ರಾದ ಪಾರ್ಟಿಯನ್ನೂ ಅಲ್ಲಿಯ ನಮ್ಮ ಹೈಕಮಿಷನ್‌ನಲ್ಲಿ ಹಾಗೆಯೇ ವಿಚಾರಿಸಿ.

ಘಾನಾ ವೀಸಾದಲ್ಲಿ ಟೋಗೋಗೆ ಹೋಗಲು ಆಗುವುದಿಲ್ಲ. ಪಶ್ಚಿಮ ಆಫ್ರಿಕಾ ದೇಶಗಳ ಎಕೋವಾಸ್ ಒಕ್ಕೂಟದ ಮುಕ್ತ ಓಡಾಟ ಆ ದೇಶಗಳ ನಾಗರಿಕರಿಗೆ, ನಮಗಲ್ಲ. ಲೋಮೆ ಘಾನಾ ಗಡಿಗೇ ಅಂಟಿಕೊಂಡ ಊರು, ಈಚೆ ಕಡೆ ಘಾನಾದ ಅಫ್ಲಾವೊ, ಹಾಗಾಗಿ ನಡೆದೇ ದಾಟುವವರನ್ನು ನೋಡಿ ಸಲೀಸು ಅನ್ನಿಸುತ್ತದೆ. ಟೋಗೋ ವೀಸಾ ಇಲ್ಲಿಂದಲೇ ಬೇರೆ ಮಾಡಿಸಬೇಕು. ಅದಕ್ಕಿಂತ ದೊಡ್ಡ ತೊಡಕು ವಾಪಸ್ ಬರುವಾಗ: ಘಾನಾ ವೀಸಾ ಸಿಂಗಲ್ ಎಂಟ್ರಿ ಆಗಿದ್ದರೆ ಗಡಿ ದಾಟಿದ ಕ್ಷಣವೇ ಮುಗಿಯಿತು, ಅಕ್ರಾದಿಂದ ನಿಮ್ಮ ವಿಮಾನ ಇದ್ದರೂ ಒಳಗೆ ಬಿಡುವುದಿಲ್ಲ. ಮಲ್ಟಿಪಲ್ ಎಂಟ್ರಿ ಕೇಳಿ, ಯಾಕೆ ಬೇಕು ಅನ್ನುವುದನ್ನು ಕವರಿಂಗ್ ಲೆಟರ್‌ನಲ್ಲೇ ಬರೆಯಿರಿ. ಟೋಗೋದಲ್ಲಿ ಫ್ರೆಂಚ್ ಆಡಳಿತ ಭಾಷೆ, ಪತ್ರದ ಫ್ರೆಂಚ್ ಪ್ರತಿಯೂ ಜೊತೆಗಿರಲಿ.

ದುಡ್ಡು: ಡಾಲರ್ ನೋಟು ಒಬ್ಬರಿಗೆ 3,000ದವರೆಗೆ ಒಯ್ಯಬಹುದು, ಮಿಕ್ಕಿದ್ದು ಫಾರೆಕ್ಸ್ ಕಾರ್ಡಿಗೆ. ಮಡಚಿದ, ಹಳೇ ವಿನ್ಯಾಸದ ನೋಟು ಕೊಟ್ಟರೆ ಇಲ್ಲೇ ಬದಲಿಸಿಕೊಳ್ಳಿ. ಲೋಮೆಗೆ ಹೋಗುವುದೇ ಆದರೆ ಸ್ವಲ್ಪ ಯೂರೋ ಇರಲಿ, ಅಲ್ಲಿಯ ಸಿಎಫ್ಎ ಫ್ರಾಂಕ್ ಯೂರೋಗೆ ಕಟ್ಟಿಹಾಕಿದ ಹಣ, ಒಂದು ಯೂರೋಗೆ 655.957.

ಕೋಟೆ ಕೆಳಗೆ, ಬಳ್ಳಾರಿ

ಲೋಮೆ ಪಾರ್ಟಿ ಬಗ್ಗೆ ದೂತಾವಾಸದಿಂದ ಉತ್ತರ ಬರುವವರೆಗೆ ಅವರಿಗೆ ಪಾಸ್‌ಪೋರ್ಟ್ ಪ್ರತಿಯನ್ನಾಗಲಿ, ಲೆಟರ್‌ಹೆಡ್ ಪತ್ರವನ್ನಾಗಲಿ ಕಳಿಸಬೇಡಿ.