ಬುಧವಾರ 11 ಗಂಟೆಯ ಸಭೆ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ಭಾನುವಾರ ಬೆಳಿಗ್ಗೆಯಿಂದ ರಾತ್ರಿವರೆಗೆ ನಡೆದ ಮಾತು ಇದು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ನಮ್ಮೂರು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿದೆ. ಹೆಸರು ತೆಗೆದು ಸಂಬಂಧವನ್ನಷ್ಟೇ ಉಳಿಸಿದ್ದೇನೆ. ಆಯಿ, ಅಂದರೆ ಅಮ್ಮ, ಟೈಪ್ ಮಾಡುವುದಿಲ್ಲ. ಅವಳ ಧ್ವನಿ ಸಂದೇಶ ಕೇಳಿ ನಾನೇ ಬರೆದುಕೊಂಡೆ.

ಚಿಕ್ಕಪ್ಪ (ಊರು), ಬೆಳಿಗ್ಗೆ 7:40
ಎಲ್ಲರೂ ನೋಡಿ. ಪಂಚಾಯ್ತಿಯಿಂದ ಬಂದ ಪಿಡಿಎಫ್. "ಗ್ರಾಮದ ಹವಾಮಾನ ಮತ್ತು ಪರಿಸರ ಕ್ರಿಯಾ ಯೋಜನೆ, ಕರಡು." ಮುಂದಿನ ವಾರ ಬುಧವಾರ ಬೆಳಿಗ್ಗೆ 11ಕ್ಕೆ ಸಭಾಭವನದಲ್ಲಿ ಸಭೆ. ಸಲಹೆ ಕೊಡಬೇಕಂತೆ. ಊರಲ್ಲಿ ಇರುವವರು ತಪ್ಪದೇ ಬನ್ನಿ.

ಮಾವ (ಕಾರವಾರ), 7:52
ಒಳ್ಳೆಯ ಕೆಲಸ. ನಮ್ಮ ಕಡೆ ಇಂಥದ್ದು ಶುರುವಾಗಿದ್ದೇ ಖುಷಿ.

ನಾನು, 8:30
ಚಿಕ್ಕಪ್ಪ, ಪೂರ್ತಿ ಓದಿದೆ. 9ನೇ ಪುಟ ನೋಡಿದಿರಾ? ಹೊಳೆಯ ಕೆಸರು ದಿಬ್ಬದಲ್ಲಿ 2000 ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಡುವುದು ಅಂತ ಇದೆ. ಅದು ಬಳಚು (ತಿನ್ನುವ ಚಿಪ್ಪು) ತೆಗೆಯುವ ಜಾಗ. ನಮ್ಮ ಕೇರಿಯ ಎಷ್ಟು ಮನೆಯ ಹೆಂಗಸರು ಅಲ್ಲಿ ದುಡಿಯುತ್ತಾರೆ! ನಕ್ಷೆ ಆಗಿದೆ, ಗಿಡದ ಲೆಕ್ಕ ಆಗಿದೆ, ಖರ್ಚಿನ ಲೆಕ್ಕವೂ ಆಗಿದೆ. ಇನ್ನು ಸಲಹೆ ಯಾವುದಕ್ಕೆ?

ಚಿಕ್ಕಪ್ಪ, 8:41
ಕರಡು ಅಂತ ಬರೆದಿದ್ದಾರಲ್ಲ. ಬಂದು ಹೇಳು, ಬದಲಾಯಿಸುತ್ತಾರೆ.

ನಾನು, 8:44
ನಾನು ಬರುತ್ತೇನೆ. ಆದರೆ ಆ ದಿಬ್ಬ ಗೊತ್ತಿರುವವರು ಬರುವುದಿಲ್ಲ. ಬಳಚು ತೆಗೆಯುವುದು ಕಡಲಿನ ಇಳಿತದ ಹೊತ್ತಿಗೆ. ಆ ದಿನ ನೀರು ಇಳಿಯುವುದು ಹತ್ತೂವರೆಯ ಸುಮಾರಿಗೆ. 11 ಗಂಟೆಗೆ ಅವರೆಲ್ಲ ಸೊಂಟದ ಮಟ್ಟದ ನೀರಲ್ಲಿ ಇರುತ್ತಾರೆ.

ಮಾವ, 9:15
ತಂಗಿ, ನಿನ್ನ ಕಾಳಜಿ ಅರ್ಥವಾಗುತ್ತದೆ. ಆದರೆ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಾನು 30 ವರ್ಷ ಎಂಜಿನಿಯರ್ ಆಗಿ ಕೆಲಸ ಮಾಡಿದವನು. ಕಡಲ ದಂಡೆಯ ಊರಲ್ಲಿ ಸಭೆ ಕರೆದರೆ ಜನ ಕೇಳುವುದು ಒಂದೇ, ಕಲ್ಲಿನ ತಡೆಗೋಡೆ. ಗೋಡೆ ಕಟ್ಟಿದರೆ ಅದು ಮುಗಿಯುವ ತುದಿಯಲ್ಲಿ ತೆರೆಯ ಹೊಡೆತ ಜಾಸ್ತಿ. ಪಕ್ಕದ ಊರಿನ ಮರಳು ಕೊಚ್ಚಿ ಹೋಗುತ್ತದೆ. ಆಮೇಲೆ ಆ ಊರಿನವರೂ ಗೋಡೆ ಕೇಳುತ್ತಾರೆ. ಜನ ಕೇಳಿದ್ದೆಲ್ಲ ಪ್ರಕೃತಿಗೆ ಒಳ್ಳೆಯದು ಅಂತ ಇಲ್ಲ. ಎರಡನೆಯದು, ಹೊತ್ತು ಇಲ್ಲ. ಶಿರೂರಿನ ಗುಡ್ಡ 2024ರ ಜುಲೈ 16ರಂದು ಹೆದ್ದಾರಿ ಮೇಲೆ ಬಿದ್ದಾಗ ಏನಾಯಿತು ಅಂತ ಎಲ್ಲರೂ ನೋಡಿದ್ದೇವೆ. ಇನ್ನೂ ಸಭೆ ಮಾಡುತ್ತಾ ಕೂತರೆ ಮಳೆ ಕಾಯುವುದಿಲ್ಲ. ಇಂಥದ್ದನ್ನು ತಿಳಿದವರು ಮಾಡಲಿ, ಊರಿಗೆ ಚೆನ್ನಾಗಿ ವಿವರಿಸಲಿ. ನನಗೆ ಅದು ಸರಿ ಅನಿಸುತ್ತದೆ.

ತಮ್ಮ (ಬೆಂಗಳೂರು), 9:20
ಅಕ್ಕಾ, ಒಂದು ಆನ್‌ಲೈನ್ ಫಾರ್ಮ್ ಮಾಡಿದರೆ? ಎಲ್ಲರೂ ತಮಗೆ ಬಿಡುವಾದಾಗ ತುಂಬುತ್ತಾರೆ. ನಾನೇ ಮಾಡಿಕೊಡುತ್ತೇನೆ, ಕನ್ನಡದಲ್ಲೇ.

ನಾನು, 9:26
ಮಾಡು. ಹೊರಗೆ ಇರುವ ಹುಡುಗರಿಗೆ ಅದು ಬೇಕು. ಆದರೆ ಬಳಚು ತೆಗೆಯುವವರಿಗೆ ಅದು ಸಾಲುವುದಿಲ್ಲ. ಆ ಜಾಗವನ್ನು ಅವರು ಕೈ ತೋರಿಸಿ ಹೇಳಬೇಕು.

ಅತ್ತೆ (ಶಿರಸಿ), 10:05
ಮಾವನವರ ಮಾತಿಗೆ ನನ್ನದೊಂದು ಉತ್ತರ. ನಾನು ಮದುವೆಯಾಗಿ ಶಿರಸಿ ಕಡೆ ಬಂದ ಎರಡನೇ ವರ್ಷ ಸಾಲ್ಕಣಿಯಲ್ಲಿ ಅಪ್ಪಿಕೋ ನಡೆಯಿತು. 1983ರ ಸೆಪ್ಟೆಂಬರ್ 8. ಕಳಾಸೆ ಕಾಡಿನಲ್ಲಿ ಊರವರು ಮರ ಅಪ್ಪಿ ನಿಂತರು. ಆಗಲೂ ಮರ ಕಡಿಯಲು ಯೋಜನೆ ಇತ್ತು, ಅದನ್ನೂ ತಿಳಿದವರೇ ಮಾಡಿದ್ದರು. ಎಷ್ಟು ಮರ ಕಡಿದರೆ ಕಾಡು ತಡೆಯುತ್ತದೆ ಅಂತ ಕಾಗದದಲ್ಲಿ ಲೆಕ್ಕ ಇತ್ತು. ಒಂದು ಮರ ಬೀಳುವಾಗ ಸುತ್ತಲಿನ ಎಷ್ಟು ಮರ ಮುರಿಯುತ್ತದೆ, ಒರತೆ ಯಾವಾಗ ಬತ್ತುತ್ತದೆ ಅನ್ನುವುದು ದಿನಾ ಅಲ್ಲಿ ಓಡಾಡುವವರಿಗೆ ಕಂಡಿತ್ತು. "ಉಳಿಸು, ಬೆಳೆಸು, ಬಳಸು" ಅಂದರು. ಬಳಸುವುದನ್ನೂ ಬಿಡಲಿಲ್ಲ ನೋಡಿ. ನಮ್ಮ ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರುವವರು ನಾವು. ಬೆಟ್ಟ ಬೋಳಾದರೆ ತೋಟ ಹೋಗುತ್ತದೆ ಅಂತ ಗೊತ್ತಿರುವುದರಿಂದಲೇ ಕಾಯುತ್ತೇವೆ.

ಅತ್ತೆ, 10:09
ಗೋಡೆಯ ವಿಷಯಕ್ಕೆ: ಒಂದೇ ಊರನ್ನು ಕೇಳಿದರೆ ಗೋಡೆ ಕೇಳುತ್ತಾರೆ. ಪಕ್ಕದ ಊರಿನವರನ್ನೂ ಅದೇ ಚಾಪೆ ಮೇಲೆ ಕೂರಿಸಿ ಕೇಳಿ. ಆಗ ಮಾತೇ ಬೇರೆಯಾಗುತ್ತದೆ.

ಮಾವ, 10:30
ಅಪ್ಪಿಕೋ ಬಗ್ಗೆ ನನಗೂ ಗೌರವ ಇದೆ. ಆದರೆ ಎಲ್ಲ ಕಡೆ ಅಂಥ ಜನ ಇಲ್ಲ. ಗಜನಿಗೆ, ಹೊಳೆ ದಂಡೆಯ ಉಪ್ಪು ನೀರಿನ ಗದ್ದೆಗೆ, ಮಣ್ಣು ತುಂಬಿ ಮನೆ ಕಟ್ಟಿದವರೂ ನಮ್ಮೂರಿನವರೇ ಅಲ್ವಾ?

ನಾನು, 10:38
ಹೌದು, ನಮ್ಮೂರಿನವರೇ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರನ್ನು ಸಭೆಗೆ ಕರೆಯದಿದ್ದರೆ ಮಣ್ಣು ತುಂಬುವುದು ನಿಲ್ಲುತ್ತದಾ? ಶಿರೂರಿನ ಮಾತು ಹೇಳಿದಿರಿ. ಗುಡ್ಡ ಜರಿಯುವ ಮೊದಲು ಏನು ಕಾಣುತ್ತದೆ ಅಂತ ನೀವೇ ನನಗೆ ಹೇಳಿದ್ದಿರಿ ಮಾವ. ಹೊಸ ಜಾಗದಲ್ಲಿ ಒರತೆ ಏಳುವುದು, ಒರತೆ ನೀರು ಕೆಂಪಾಗುವುದು, ನೆಲ ಬಿರುಕು ಬಿಡುವುದು, ಮರ ಓರೆಯಾಗುವುದು. ಇದೆಲ್ಲ ಮೊದಲು ಕಾಣುವುದು ಗುಡ್ಡದ ಬುಡದ ಮನೆಯವರಿಗೆ. ನೀರಿಗೆ ಹೋದ ಹೆಂಗಸಿಗೆ, ದನ ಹೊಡೆದುಕೊಂಡು ಹೋದ ಹುಡುಗನಿಗೆ. ಅವರು ಯಾರಿಗೆ ಹೇಳಬೇಕು, ಹೇಳಿದ ಮೇಲೆ ಏನಾಗಬೇಕು ಅನ್ನುವುದು ಯೋಜನೆಯಲ್ಲಿ ಇರಬೇಕಲ್ಲ. 14 ಪುಟದಲ್ಲಿ ಎಲ್ಲೂ ಇಲ್ಲ. ತಿಳಿದವರು ಬೇಡ ಅಂತ ನಾನು ಹೇಳುತ್ತಿಲ್ಲ. ಗೆರೆ ಎಳೆಯುವ ಮೊದಲು ಅವರು ಊರಿಗೆ ಬರಲಿ ಅನ್ನುತ್ತಿದ್ದೇನೆ.

ಚಿಕ್ಕಪ್ಪ, 11:50
ಫೋನಿನಲ್ಲಿ ಹೇಳುವುದು ಸುಲಭ. ನಾನು ಐದು ವರ್ಷ ಸದಸ್ಯನಾಗಿದ್ದೆ. ಗ್ರಾಮಸಭೆಗೆ ಮನೆ ಮನೆಗೆ ಹೋಗಿ ಕರೆದಿದ್ದೇನೆ. ಬಂದವರು ಮನೆ ಪಟ್ಟಿ ಕೇಳಿದರು, ಬೀದಿ ದೀಪ ಕೇಳಿದರು, ಚಾ ಕುಡಿದು ಹೋದರು. ಕೋರಂ ಆಗದೆ ಎರಡು ಸಲ ಮುಂದೆ ಹೋಯಿತು. ಕಾನೂನಿನ ಪ್ರಕಾರ ಎಲ್ಲವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಪ್ರತಿ ಪಂಚಾಯ್ತಿಗೂ ಒಂದು ನಿರ್ವಹಣಾ ಸಮಿತಿ ಇರಬೇಕು, ಊರವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು ಅಂತ ಇದೆ. ನಮ್ಮಲ್ಲೂ ಸಮಿತಿ ಆಯಿತು, ದಾಖಲಾತಿ ಆಯಿತು. ಆಮೇಲೆ ಯಾರಾದರೂ ಅದನ್ನು ಕೇಳಿದರಾ? ಈಗ ಯಾರೋ ಕಷ್ಟಪಟ್ಟು ಒಂದು ಕರಡು ಮಾಡಿದರೆ ಮೊದಲ ದಿನವೇ ತಪ್ಪು ಹುಡುಕುತ್ತೀರಿ.

ನಾನು, 12:04
ಚಿಕ್ಕಪ್ಪ, ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ. ನೀವು ಮನೆ ಮನೆಗೆ ಹೋಗಿದ್ದು ನಾನು ಕಣ್ಣಾರೆ ನೋಡಿದ್ದೇನೆ. ಆ ದಾಖಲಾತಿಯಲ್ಲಿ ಬಳಚಿನ ಜಾಗ ಬರೆದಿದ್ದಾರಾ?

ಚಿಕ್ಕಪ್ಪ, 12:10
ಬರೆದಿರಬೇಕು. ಕಚೇರಿಯ ಬೀರುವಿನಲ್ಲಿದೆ. ನಾಳೆ ತೆಗೆಸಿ ನೋಡುತ್ತೇನೆ.

ತಮ್ಮ, 12:15
ಕೇರಳದ ವಯನಾಡಿನಲ್ಲಿ ಮೀನಂಗಾಡಿ ಅಂತ ಪಂಚಾಯ್ತಿ ಇದೆ. 2016ರಲ್ಲಿ ಇಂಗಾಲ ಸಮತೋಲನದ ಯೋಜನೆ ಶುರು ಮಾಡಿದರು, ಅಂದರೆ ಊರು ಬಿಡುವಷ್ಟು ಇಂಗಾಲವನ್ನು ಊರಿನ ಮರ, ಮಣ್ಣು ಹೀರಿಕೊಳ್ಳುವ ಹಾಗೆ ಮಾಡುವುದು. ಮೊದಲು ಊರಿನ ಇಂಗಾಲದ ಲೆಕ್ಕ ತೆಗೆದರು, ಆಮೇಲೆ ಮರ ಬ್ಯಾಂಕ್ ಮಾಡಿದರು. ರೈತ ತನ್ನ ಜಮೀನಿನಲ್ಲಿ ಮರ ಬೆಳೆಸಿ ಅಡ ಇಟ್ಟರೆ ವರ್ಷಕ್ಕೆ ಒಂದು ಮರಕ್ಕೆ 50 ರೂಪಾಯಿ ಬಡ್ಡಿಯಿಲ್ಲದ ಸಾಲ. ಮರ ಕಡಿದರೆ ಮಾತ್ರ ವಾಪಸ್ ಕೊಡಬೇಕು. ಜನ ತಮ್ಮ ಮರ ತಾವೇ ಕಾಯುತ್ತಾರೆ.

ಅತ್ತೆ, 12:20
ಅಷ್ಟು ದೂರ ಯಾಕೆ ಹೋಗಬೇಕು? ಕುಮಟಾ ಪಕ್ಕದ ಹಳಕಾರದ ಗ್ರಾಮ ಅರಣ್ಯ ಇದೆಯಲ್ಲ. ಬ್ರಿಟಿಷರ ಕಾಲದಿಂದ ಊರವರೇ ಕಾಯುತ್ತಾ ಬಂದಿದ್ದಾರೆ.

ಆಯಿ (ಧ್ವನಿ ಸಂದೇಶ), ಮಧ್ಯಾಹ್ನ 3:15
ಎಲ್ಲರೂ ಕೇಳಿ. ಮಗಳು ಎಲ್ಲ ಓದಿ ಹೇಳಿದಳು. ಕಾಂಡ್ಲಾ ಬೇಕು. ಬೇಡ ಅಂತ ಯಾರೂ ಹೇಳಬಾರದು. ನಮ್ಮ ಗಜನಿಯ ಹೊರಕಟ್ಟೆ ಮುಂದೆ ಕಾಂಡ್ಲಾ ಇದ್ದಷ್ಟು ದಿನ ಕಟ್ಟೆ ಗಟ್ಟಿ ಇತ್ತು. ತೆರೆ ಬಂದು ಮೊದಲು ಗಿಡಕ್ಕೆ ಬಡಿಯುತ್ತಿತ್ತು. ಅಲ್ಲಿ ಕಡಿದ ಮೇಲೆ ಕಟ್ಟೆ ಒಡೆಯಲು ಶುರುವಾಯಿತು. ಕಗ್ಗ ಭತ್ತ ಉಪ್ಪು ನೀರನ್ನು ತಡೆಯುತ್ತದೆ, ನಿಜ. ಹಾಗಂತ ಯಾವಾಗ ಬೇಕಾದರೂ ಉಪ್ಪು ನೀರು ನುಗ್ಗಿದರೆ ಆಗುವುದಿಲ್ಲ. ಮಳೆ ಬಂದು ಉಪ್ಪು ತೊಳೆದ ಮೇಲೆ ಮೊಳಕೆ ಕಟ್ಟಿದ ಬೀಜ ಬಿತ್ತುತ್ತಿದ್ದೆವು. ಗೊಬ್ಬರ ಗಿಬ್ಬರ ಏನೂ ಇಲ್ಲ. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ಹುಲ್ಲು ನೀರಲ್ಲೇ ಬಿಡುತ್ತಿದ್ದೆವು. ಆ ಹುಲ್ಲು ಕೊಳೆತು ಸೆಟ್ಲಿಗೆ (ಸಿಗಡಿಗೆ), ಮೀನಿಗೆ ಮೇವು. ಕಟ್ಟೆ ಇದ್ದರೆ ಇದೆಲ್ಲ. ಕಟ್ಟೆ ಹೋದರೆ ಒಂದೂ ಇಲ್ಲ. ಹಾಗಾಗಿ ಗಿಡ ಅಲ್ಲಿ ನೆಡಲಿ, ಕಟ್ಟೆ ಮುಂದೆ. ದಿಬ್ಬದಲ್ಲಿ ಬೇಡ. ದಿಬ್ಬದಲ್ಲಿ ಗಿಡ ಬಂದರೆ ಬೇರು ಹೆಣೆದುಕೊಳ್ಳುತ್ತದೆ, ಕೆಸರು ಕೂರುತ್ತದೆ, ಕೈ ಹಾಕಿ ಬಳಚು ತೆಗೆಯಲು ಆಗುವುದಿಲ್ಲ. ಚಳಿಗಾಲದಲ್ಲಿ ಅಲ್ಲಿ ಇಳಿಯುವ ಹಕ್ಕಿಗಳಿಗೂ ಬಯಲೇ ಬೇಕು. ಇದನ್ನು ನನ್ನ ಹತ್ತಿರ ಯಾರೂ ಕೇಳಿಲ್ಲ. ಕೇಳಿದ್ದರೆ ಅರ್ಧ ದಿನದಲ್ಲಿ ತೋರಿಸುತ್ತಿದ್ದೆ. ಮತ್ತೆ ಸಭೆ. ನೀರು ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡವಾಗುತ್ತದೆ. ಬುಧವಾರ ಬಿಟ್ಟು ಆರು ದಿನ ಆದ ಮೇಲೆ ಇಟ್ಟರೆ ಇಳಿತ ಮಧ್ಯಾಹ್ನ ಮೂರೂವರೆಗೆ ಹೋಗುತ್ತದೆ. ಆಗ ಅದೇ ಹನ್ನೊಂದು ಗಂಟೆಗೆ ಎಲ್ಲ ಹೆಂಗಸರೂ ಬರುತ್ತಾರೆ. ಅವರ ಒಂದು ದಿನದ ದುಡಿಮೆಯೂ ಹಾಳಾಗುವುದಿಲ್ಲ.

ಮಾವ, 3:40
ಅಕ್ಕ ಹೇಳಿದ್ದನ್ನು ಎರಡು ಸಲ ಕೇಳಿದೆ. ದಿಬ್ಬದ ವಿಷಯ ನನಗೆ ಹೊಳೆದಿರಲಿಲ್ಲ. ಆಗಲೇ ಕರಡು ಓದಿದ್ದೆ, ಕಾಂಡ್ಲಾ ಅಂದ ಕೂಡಲೇ ಒಳ್ಳೆಯದು ಅಂತ ಮುಂದೆ ಹೋಗಿಬಿಟ್ಟೆ. ಹೊರಕಟ್ಟೆಯ ಮುಂದೆ ನೆಡುವುದೇ ಸರಿ. ಅಲ್ಲಿ ಖರ್ಚೂ ಸಾರ್ಥಕ. ಆದರೂ ನನ್ನ ಪ್ರಶ್ನೆ ಉಳಿದಿದೆ. ಕಟ್ಟೆ ವಿಷಯದಲ್ಲಿ ಊರಿಗೆ ಗೊತ್ತು, ಸರಿ. ಕಡಲ ಮಟ್ಟ ಏರುವ ಲೆಕ್ಕ, ಕಟ್ಟೆ ಎಷ್ಟು ಎತ್ತರ ಬೇಕು ಅನ್ನುವ ಲೆಕ್ಕ ಊರಿಗೆ ಹೇಗೆ ಗೊತ್ತಾಗಬೇಕು?

ನಾನು, 3:58
ಅದನ್ನು ನೀವು ಹೇಳಬೇಕು ಮಾವ. ಅದಕ್ಕೇ ನೀವು ಸಭೆಯಲ್ಲಿ ಇರಬೇಕು. ಯಾವ ವರ್ಷ ನೀರು ಕಟ್ಟೆಯ ಯಾವ ಕಲ್ಲಿನವರೆಗೆ ಬಂತು ಅಂತ ಆಯಿ ಹೇಳುತ್ತಾಳೆ, ನೀವು ಅಳತೆ ಹಿಡಿಯಿರಿ. ಇನ್ನೊಂದು ವಿಷಯ. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಆಯಿತಲ್ಲ. ಎಷ್ಟು ಹೆಮ್ಮೆಯ ಸುದ್ದಿ! ಆದರೆ ನಮ್ಮ ಕೇರಿಯಲ್ಲಿ ಮೊದಲು ಹಬ್ಬಿದ್ದು ಹೆದರಿಕೆ. ಇನ್ನು ಹೊಳೆಗೆ ಇಳಿಯುವ ಹಾಗಿಲ್ಲ, ಗಜನಿ ಬಿಡಬೇಕು ಅಂತ. ರಾಮ್ಸಾರ್ ಒಪ್ಪಂದ ವಿವೇಕದಿಂದ ಬಳಸಿ ಅನ್ನುತ್ತದೆ, ಮೀನು ಹಿಡಿಯಬೇಡಿ ಅನ್ನುವುದಿಲ್ಲ. ಕೂತು ಹೇಳುವವರು ಇದ್ದಿದ್ದರೆ ಆ ಹೆದರಿಕೆ ಹುಟ್ಟುತ್ತಲೇ ಇರಲಿಲ್ಲ.

ಅತ್ತೆ, 4:10
ಘಟ್ಟದ ಮೇಲೂ ಇದೇ ಆಯಿತು. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ ಕೊಟ್ಟ 2011ರ ವರದಿ ಗ್ರಾಮಸಭೆಗಳಲ್ಲಿ ಚರ್ಚೆಯಾಗಿ ತೀರ್ಮಾನ ಆಗಲಿ ಅಂದಿತ್ತು. ನಮ್ಮ ಕಡೆ ಅದನ್ನು ಓದಿದವರಿಗಿಂತ ಓದದೆ ಬೈದವರು ಜಾಸ್ತಿ. ಅದು ನಮ್ಮ ಕೈಗೆ ನಮ್ಮ ಭಾಷೆಯಲ್ಲಿ ಬರಲಿಲ್ಲ ಅನ್ನುವ ಸಂಕಟ ನನಗೆ ಇವತ್ತಿಗೂ ಇದೆ.

ಚಿಕ್ಕಪ್ಪ, 4:30
ಸರಿ. ಏನು ಕೇಳಬೇಕು ಅಂತ ಸ್ಪಷ್ಟವಾಗಿ ಹೇಳಿ. ಪಿಡಿಒ ಹತ್ತಿರ ಇವತ್ತೇ ಮಾತಾಡುತ್ತೇನೆ.

ನಾನು, 4:42
ಸಭೆ ಆಯಿ ಹೇಳಿದ ಹಾಗೆ ಆ ಬುಧವಾರದ ನಂತರದ ಮಂಗಳವಾರಕ್ಕೆ ಹೋಗಲಿ, ಹೊತ್ತು ಅದೇ ಇರಲಿ. ಅದರ ಹಿಂದಿನ ದಿನ ಕರಡು ಬರೆದವರು ಆಯಿ ಜೊತೆ ದಿಬ್ಬಕ್ಕೂ ಕಟ್ಟೆಗೂ ಬಂದು ನೋಡಲಿ. ಹೊಳೆಯ ಆಚೆ ದಂಡೆಯ ಊರಿಗೂ ಹೇಳಿ ಕಳಿಸಲಿ, ದಿಬ್ಬ ಇಬ್ಬರದ್ದೂ ಹೌದು. ಮತ್ತೆ ಸಭೆಯಲ್ಲಿ ಯಾರು ಏನು ಹೇಳಿದರು, ಅದರಲ್ಲಿ ಯಾವುದನ್ನು ತೆಗೆದುಕೊಂಡರು, ಯಾವುದನ್ನು ಬಿಟ್ಟರು, ಯಾಕೆ ಬಿಟ್ಟರು ಅಂತ ಬರೆದು ಪಂಚಾಯ್ತಿ ಬೋರ್ಡಿಗೆ ಅಂಟಿಸಲಿ. ಇದು ಮುಖ್ಯ ಚಿಕ್ಕಪ್ಪ. ಹೇಳಿದ್ದು ಎಲ್ಲಿ ಹೋಯಿತು ಅಂತ ಗೊತ್ತಾಗದೆಯೇ ಜನ ಎರಡನೇ ಸಲ ಬರುವುದನ್ನು ಬಿಟ್ಟರು. ಬೀದಿ ದೀಪ ಕೇಳಿದವರಿಗೂ ಉತ್ತರ ಸಿಕ್ಕಿರಲಿಲ್ಲ.

ಚಿಕ್ಕಪ್ಪ, ರಾತ್ರಿ 9:05
ಮಾತಾಡಿದೆ. ಮಂಗಳವಾರಕ್ಕೆ ಒಪ್ಪಿದ್ದಾರೆ. ಬೋರ್ಡಿಗೆ ಅಂಟಿಸುವುದಕ್ಕೂ ಸರಿ ಅಂದರು. ಆಚೆ ಊರಿನವರನ್ನು ಕರೆಯುವುದಕ್ಕೆ ಅವರ ಪಂಚಾಯ್ತಿಗೆ ಪತ್ರ ಬರೆಯಬೇಕು, ಈ ಸಲ ಆಗುವುದಿಲ್ಲವಂತೆ. ಕರಡು ಬರೆದವರು ಸೋಮವಾರ ಬರುವುದು ಇನ್ನೂ ಖಚಿತ ಇಲ್ಲ. ಗಿಡಕ್ಕೆ ಮಂಜೂರಾದ ಜಾಗ ಬದಲಾಯಿಸುವುದು ಕಷ್ಟ ಅಂತಲೂ ಹೇಳಿದರು.

ನಾನು, 9:08
ಆಚೆ ಊರಿನವರು ಪತ್ರ ಇಲ್ಲದೆಯೂ ಬಂದು ಕೂರಬಹುದಲ್ಲ. ನಾಳೆ ದೋಣಿ ದಾಟಿ ಹೋಗಿ ನಾನೇ ಹೇಳಿ ಬರುತ್ತೇನೆ.

ಮಾವ, 9:20
ಜಾಗ ಬದಲಾಯಿಸಲು ಕಾರಣ ಬರೆದು ಕೊಡಬೇಕಾಗುತ್ತದೆ, ನಕ್ಷೆ ಸಮೇತ. ಅದನ್ನು ನಾನು ಮಾಡಿಕೊಡುತ್ತೇನೆ. ಅವರು ಬರಲಿ ಬಿಡಲಿ, ಸೋಮವಾರ ಬೆಳಿಗ್ಗೆ ಕಾರವಾರದಿಂದ ಹೊರಡುತ್ತೇನೆ. ಅಳತೆ ಟೇಪ್ ತರುತ್ತೇನೆ. ಇಳಿತ ಎಷ್ಟಕ್ಕೆ ಅಕ್ಕಾ?

ಆಯಿ (ಧ್ವನಿ ಸಂದೇಶ), 9:26
ಎರಡೂ ಮುಕ್ಕಾಲಿಗೆ. ಊಟಕ್ಕೇ ಬಾ. ದಿಬ್ಬದಲ್ಲಿ ಮೊಣಕಾಲಿನವರೆಗೆ ಕೆಸರು, ಪ್ಯಾಂಟು ಬೇಡ, ಲುಂಗಿ ತಾ.