ಪದಚರ್ಚೆ: ಎಸ್‌ಎಂಪಿಎಸ್ ಮೇಲಿನ ವ್ಯಾಟ್ – ಶಕ್ತಿಯೇ, ಸಾಮರ್ಥ್ಯವೇ, ಬಳಕೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಕೂರಿಸಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕಿರುಕೈಪಿಡಿ ಬರೆಯುತ್ತಿದ್ದೇನೆ. ಓದುವವರಲ್ಲಿ ಹೆಚ್ಚಿನವರು ಸ್ಟುಡಿಯೊಗಳಲ್ಲಿ ಮದುವೆ ವಿಡಿಯೊ ಸಂಕಲನ ಮಾಡುವವರು, ಡಿಟಿಪಿ ಕೇಂದ್ರದವರು, ಕಾಲೇಜು ವಿದ್ಯಾರ್ಥಿಗಳು. ಎಸ್‌ಎಂಪಿಎಸ್ (ಸ್ವಿಚ್ಡ್ ಮೋಡ್ ಪವರ್ ಸಪ್ಲೈ), ಅಂದರೆ ಗೋಡೆಯ ಸಾಕೆಟ್ಟಿನ ಕರೆಂಟನ್ನು ಕಂಪ್ಯೂಟರಿನ ಬಿಡಿಭಾಗಗಳಿಗೆ ಒದಗಿಸುವ ಪೆಟ್ಟಿಗೆ; ಅದರ ಆಯ್ಕೆಯ ಅಧ್ಯಾಯದಲ್ಲಿ ಪದಗಳು ತೊಡಕಾಗಿವೆ. ‘450 ವ್ಯಾಟ್ ಶಕ್ತಿಯ’, ‘450 ವ್ಯಾಟ್ ಸಾಮರ್ಥ್ಯದ’, ‘450 ವ್ಯಾಟ್ ಬಳಸುವ’ ಎಂಬ ಮೂರನ್ನೂ ನಾವು ಒಂದೇ ಎಂಬಂತೆ ಬರೆಯುತ್ತೇವೆ. ಇವು ಒಂದೇ ಅಲ್ಲ. ಈ ಕಲಬೆರಕೆಯಿಂದ ಓದುಗರು ತಪ್ಪು ಪೆಟ್ಟಿಗೆ ಕೊಳ್ಳುವ ಸಾಧ್ಯತೆ ಇದೆ. ಆದ್ದರಿಂದ ನಿಮ್ಮ ಅಭಿಪ್ರಾಯ ಬೇಕಾಗಿದೆ.

ಮೊದಲು ‘ಶಕ್ತಿ’. ನಮ್ಮ ಪ್ರೌಢಶಾಲೆಯ ವಿಜ್ಞಾನದಲ್ಲಿ ಶಕ್ತಿಯ ಮಾನ ಜೂಲ್, ಸಾಮರ್ಥ್ಯದ ಮಾನ ವ್ಯಾಟ್. ಕೆಲಸ ಎಷ್ಟು ಆಯಿತು ಎಂಬುದು ಶಕ್ತಿಯ ಲೆಕ್ಕ, ಎಷ್ಟು ಬೇಗ ಆಯಿತು ಎಂಬುದು ಸಾಮರ್ಥ್ಯದ ಲೆಕ್ಕ. ಆದರೆ ಪತ್ರಿಕೆಗಳಲ್ಲಿ ‘10 ಅಶ್ವಶಕ್ತಿವರೆಗಿನ ಪಂಪ್‌ಸೆಟ್’ ಎಂದು ದಿನವೂ ಓದುತ್ತೇವೆ. ಒಂದು ಅಶ್ವಶಕ್ತಿ ಎಂದರೆ ಸುಮಾರು 746 ವ್ಯಾಟ್. ಹಾಗಾಗಿ ಅಲ್ಲಿನ ‘ಶಕ್ತಿ’ ಪಠ್ಯಪುಸ್ತಕದ ‘ಸಾಮರ್ಥ್ಯ’ವೇ. ರೈತರ ನಾಲಿಗೆಯಲ್ಲಿ ನೆಲೆಯೂರಿದ ‘ಅಶ್ವಶಕ್ತಿ’ಯನ್ನು ಬದಲಿಸಬೇಕೆಂದು ನಾನು ಹೇಳುವುದಿಲ್ಲ. ಹೊಸದಾಗಿ ಬರೆಯುವ ಕೈಪಿಡಿಯಲ್ಲಿ ಮಾತ್ರ ವ್ಯಾಟ್ ಜೊತೆಗೆ ‘ಶಕ್ತಿ’ ಬೇಡ ಎಂಬುದು ನನ್ನ ನಿಲುವು. ವಿದ್ಯುತ್ ಬಿಲ್ಲಿನ ‘ಯೂನಿಟ್’ ನಿಜವಾದ ಶಕ್ತಿಯ ಲೆಕ್ಕ: 1,000 ವ್ಯಾಟ್‌ನಂತೆ ಒಂದು ಗಂಟೆ ಉರಿದರೆ ಒಂದು ಯೂನಿಟ್. ವ್ಯಾಟ್ ಮತ್ತು ಯೂನಿಟ್ ಎರಡಕ್ಕೂ ಒಂದೇ ಪದ ಬಳಸಿದರೆ ಬಿಲ್ಲಿನ ಮಾತು ಬಂದಲ್ಲೆಲ್ಲ ಓದುಗ ದಾರಿ ತಪ್ಪುತ್ತಾನೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಸಾಮರ್ಥ್ಯ’. ಇದಕ್ಕೆ ಎರಡು ಅರ್ಥಗಳಿವೆ. ಶಾಸ್ತ್ರದಲ್ಲಿ ಅದು ವ್ಯಾಟ್‌ನಲ್ಲಿ ಅಳೆಯುವ ಪರಿಮಾಣ; ಲೋಕರೂಢಿಯಲ್ಲಿ ‘ಇಷ್ಟರವರೆಗೆ ಆಗಬಲ್ಲದು’ ಎಂಬ ಮಿತಿ. ‘ರಾಯಚೂರು ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ 1,720 ಮೆಗಾವ್ಯಾಟ್’ ಎಂದಾಗ ಅದು ಸದಾ ಅಷ್ಟೇ ಉತ್ಪಾದಿಸುತ್ತದೆ ಎಂದು ಯಾರೂ ತಿಳಿಯುವುದಿಲ್ಲ. ‘ಸ್ಥಾಪಿತ ಸಾಮರ್ಥ್ಯ ಇಷ್ಟು, ಇಂದಿನ ಉತ್ಪಾದನೆ ಇಷ್ಟು’ ಎಂದು ಪತ್ರಿಕೆಗಳು ಬೇರೆಬೇರೆಯಾಗಿಯೇ ಕೊಡುತ್ತವೆ. ಎಸ್‌ಎಂಪಿಎಸ್ ಮೇಲಿನ ವ್ಯಾಟ್ ಕೂಡ ಇದೇ ಜಾತಿಯದು: ಅದು ಕೊಡಬಲ್ಲ ಗರಿಷ್ಠ. ಆದರೂ ‘650 ವ್ಯಾಟ್‌ನದು ಹಾಕಿದರೆ ಕರೆಂಟ್ ಬಿಲ್ ಏರುವುದಿಲ್ಲವೇ?’ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಬಲ್ಬಿನ ಮೇಲೆ 60 ವ್ಯಾಟ್ ಎಂದಿದ್ದರೆ ಅದು 60 ವ್ಯಾಟ್ ಬಳಸಿಯೇ ಬಳಸುತ್ತದೆ. ಪೆಟ್ಟಿಗೆಯ ಅಂಕಿಯನ್ನೂ ಜನ ಹಾಗೆಯೇ ಓದುತ್ತಾರೆ, ಅದು ಸಹಜ.

ಆದ್ದರಿಂದ ‘ಸಾಮರ್ಥ್ಯ’ವನ್ನು ಎಸ್‌ಎಂಪಿಎಸ್ ಕೊಡಬಲ್ಲದ್ದಕ್ಕೆ ಮಾತ್ರ ಮೀಸಲಿಟ್ಟು, ಬಿಡಿಭಾಗಗಳು ತೆಗೆದುಕೊಳ್ಳುವುದಕ್ಕೆ ‘ಎಳೆಯುವುದು’ ಎಂದು ಬರೆಯುವ ಮನಸ್ಸಿದೆ. ‘ಈ ಮೋಟಾರು ಜಾಸ್ತಿ ಕರೆಂಟ್ ಎಳೆಯುತ್ತದೆ’ ಎಂದು ಎಲೆಕ್ಟ್ರಿಷಿಯನ್ನರು ಹೇಳುವುದನ್ನು ಕೇಳಿಯೇ ಇರುತ್ತೀರಿ. ಹಾಗೆ ಬರೆದರೆ ಲೆಕ್ಕ ಎಷ್ಟು ತಿಳಿಯಾಗುತ್ತದೆ ನೋಡಿ:

‘ಕೋರ್ ಐ5-12400 ಪ್ರೊಸೆಸರ್ ಗರಿಷ್ಠ 117 ವ್ಯಾಟ್ ಎಳೆಯುತ್ತದೆ. ಆರ್‌ಟಿಎಕ್ಸ್ 3060 ಕಾರ್ಡ್ 170 ವ್ಯಾಟ್ ಎಳೆಯುತ್ತದೆ. ಮದರ್‌ಬೋರ್ಡ್, ಮೆಮೊರಿ, ಡಿಸ್ಕ್, ಫ್ಯಾನುಗಳಿಗೆ 50ರಿಂದ 60 ವ್ಯಾಟ್ ಇಟ್ಟುಕೊಳ್ಳಿ. ಒಟ್ಟು ಸುಮಾರು 340. ಇದಕ್ಕೆ 550 ವ್ಯಾಟ್ ಸಾಮರ್ಥ್ಯದ ಒಳ್ಳೆಯ ಎಸ್‌ಎಂಪಿಎಸ್ ಸಾಕು.’

ಕಾರ್ಡ್ ತಯಾರಕರ ಶಿಫಾರಸು ಕೂಡ 550 ವ್ಯಾಟ್. ಇದೇ ಪ್ರೊಸೆಸರಿಗೆ 65 ವ್ಯಾಟ್ ಎಂಬ ಇನ್ನೊಂದು ಅಂಕಿಯೂ ಇದೆ. ಅದು ಮೂಲ ವೇಗದ್ದು. ಅದನ್ನು ಹಿಡಿದು ಕೂಡಿದವರಿಗೆ 52 ವ್ಯಾಟ್ ಕಡಿಮೆ ಬೀಳುತ್ತದೆ. ಹಾಗಾಗಿ ‘ಎಳೆಯುವುದು’ ಜೊತೆಗೆ ‘ಗರಿಷ್ಠ’ ಬಿಡಬಾರದು.

340ಕ್ಕೂ 550ಕ್ಕೂ ನಡುವಿನ ಆ 210 ವ್ಯಾಟ್‌ಗೆ ಏನೆನ್ನೋಣ? ಇಂಗ್ಲಿಷಿನ ‘ಹೆಡ್‌ರೂಮ್’ ನಮ್ಮ ಓದುಗರಿಗೆ ಏನೂ ಹೇಳುವುದಿಲ್ಲ. ‘ಮೀಸಲು’ ಎಂದರೆ ಯಾರಿಗೋ ತೆಗೆದಿಟ್ಟದ್ದು ಎಂಬ ಧ್ವನಿ ಬರುತ್ತದೆ. ‘ಹೆಚ್ಚುವರಿ’ ಎಂದರೆ ಅನಗತ್ಯ ಎಂದಾಗಬಹುದು, ಆದರೆ ಇದು ಅಗತ್ಯವಾದದ್ದು: ಇಂದಿನ ಕಾರ್ಡುಗಳು ಕಣ್ಣೆವೆಯಿಕ್ಕುವುದಕ್ಕೂ ಮೊದಲೇ ಮುಗಿಯುವಷ್ಟು ಚಿಕ್ಕ ಹೊತ್ತಿಗೆ ತಮ್ಮ ಅಂಕಿಯನ್ನು ಮೀರಿ ಎಳೆಯುತ್ತವೆ. ಅಂಥ ಜಿಗಿತಗಳನ್ನು ತಾಳಿಕೊಳ್ಳಬೇಕೆಂಬ ನಿಯಮ ಎಸ್‌ಎಂಪಿಎಸ್‌ಗಳಿಗಾಗಿ ಇರುವ 2022ರ ಎಟಿಎಕ್ಸ್ 3.0 ಮಾನದಂಡದಲ್ಲಿ ಬಂದಿದೆ. ‘ಮಿಗತೆ ಬಜೆಟ್’, ‘ಕೊರತೆ ಬಜೆಟ್’ ಪತ್ರಿಕೆಗಳಲ್ಲಿ ಬಳಕೆಯಲ್ಲಿವೆ. ‘210 ವ್ಯಾಟ್ ಮಿಗತೆ ಇದೆ’ ಎಂದರೆ ನನಗೆ ಒಪ್ಪಿಗೆಯಾಗುತ್ತದೆ. ನಿಮಗೆ ಹೇಗೆ?

ಬಿಲ್ಲಿನ ವಿಷಯಕ್ಕೆ ‘ದಕ್ಷತೆ’ ಬೇಕು. ಭೌತಶಾಸ್ತ್ರದಲ್ಲಿ ಈಗಾಗಲೇ ನೆಲೆ ನಿಂತ ಪದವಿದು. ಕೆಲವರು ‘ಕ್ಷಮತೆ’ ಎಂದು ಬರೆಯುತ್ತಾರೆ. ಅದು ಮತ್ತೆ ಸಾಮರ್ಥ್ಯದ ಕಡೆಗೇ ವಾಲುವುದರಿಂದ ಇಲ್ಲಿ ಬೇಡ. ದಕ್ಷತೆ ಶೇ 85 ಇದ್ದರೆ, ಒಳಗೆ 340 ವ್ಯಾಟ್ ಕೊಡಲು ಪೆಟ್ಟಿಗೆ ಗೋಡೆಯ ಸಾಕೆಟ್ಟಿನಿಂದ 400 ವ್ಯಾಟ್ ಎಳೆಯುತ್ತದೆ. ಉಳಿದ 60 ಬಿಸಿಯಾಗಿ ಹೋಗುತ್ತದೆ. ಅದೇ ದಕ್ಷತೆಯ 850 ವ್ಯಾಟ್ ಪೆಟ್ಟಿಗೆ ಹಾಕಿದರೂ ಗೋಡೆಯಿಂದ ಎಳೆಯುವುದು 400 ವ್ಯಾಟ್ ಮಾತ್ರ. ‘80 ಪ್ಲಸ್’ ಎಂಬ ಗುರುತು ಈ ದಕ್ಷತೆಯದು: ಮೂಲ ದರ್ಜೆಗೆ ಶೇ 20, 50 ಮತ್ತು 100ರ ಹೊರೆಯಲ್ಲಿ (ಅಂದರೆ ಸಾಮರ್ಥ್ಯದ ಅಷ್ಟು ಪಾಲು ಕೊಡುವಾಗ) ಕನಿಷ್ಠ ಶೇ 80 ಇರಬೇಕು. ಇಲ್ಲಿ ‘ಲೋಡ್’ ಎನ್ನಲೇ, ‘ಹೊರೆ’ ಎನ್ನಲೇ ಎಂಬ ಅನುಮಾನವಿದೆ. ‘ಲೋಡ್ ಶೆಡ್ಡಿಂಗ್’ ಹಳ್ಳಿಹಳ್ಳಿಗೂ ಗೊತ್ತು. ಆದರೆ ‘ಶೇ 50ರ ಹೊರೆ’ ಓದಲು ಹಗುರ.

ಇನ್ನು ಲೇಬಲ್. ಅಗ್ಗದ ಪೆಟ್ಟಿಗೆಯೊಂದರ ಮೇಲೆ ದಪ್ಪ ಅಕ್ಷರದಲ್ಲಿ 450 ಎಂದಿದ್ದು, ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟ್ ಎದುರು 16 ಆಂಪಿಯರ್ ಇದೆ ಎಂದುಕೊಳ್ಳಿ. 12 ಮತ್ತು 16ನ್ನು ಗುಣಿಸಿದರೆ 192. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಬಹುಪಾಲು ಈ 12 ವೋಲ್ಟ್‌ನಿಂದಲೇ ಎಳೆಯುವುದರಿಂದ ನಮ್ಮ ಲೆಕ್ಕಕ್ಕೆ ನಿಜವಾಗಿ ಸಿಗುವುದು 192 ವ್ಯಾಟ್, ಬೇಕಿರುವುದು 117 ಮತ್ತು 170 ಕೂಡಿ 287. ಆ ದಪ್ಪ ಅಂಕಿಗೆ ‘ಘೋಷಿತ ಸಾಮರ್ಥ್ಯ’, ಗುಣಿಸಿ ಬಂದದ್ದಕ್ಕೆ ‘12 ವೋಲ್ಟ್ ಸಾಮರ್ಥ್ಯ’ ಎಂದು ಎರಡು ಹೆಸರು ಕೊಡಬೇಕೆಂದಿದ್ದೇನೆ. ಇಡೀ ಕೈಪಿಡಿಯಲ್ಲಿ ಓದುಗನ ದುಡ್ಡು ಉಳಿಸುವ ಜಾಗ ಇದೇ, ಆದ್ದರಿಂದ ಇಲ್ಲಿ ಪದ ಚೂರೂ ಅಲುಗಬಾರದು. 12 ವೋಲ್ಟ್ ಒದಗಿಸುವ ಮಾರ್ಗಕ್ಕೆ ಇಂಗ್ಲಿಷಿನಲ್ಲಿರುವ ‘12 ವೋಲ್ಟ್ ರೈಲ್’ ಅನ್ನು ‘12 ವೋಲ್ಟ್ ಲೈನ್’ ಮಾಡಿದ್ದೇನೆ. ರೈಲು ಎಂದರೆ ನಮಗೆ ಬೇರೆಯೇ.

ಪೆಟ್ಟಿಗೆಯ ಹೆಸರಿನ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ ಅನಿಸುತ್ತದೆ. ‘ವಿದ್ಯುತ್ ಸರಬರಾಜು’ ಎಂದರೆ ಎಸ್ಕಾಂ ನೆನಪಾಗುತ್ತದೆ. ‘ಪಿಎಸ್‌ಯು’ (ಪವರ್ ಸಪ್ಲೈ ಯೂನಿಟ್) ಎಂದರೆ ಪತ್ರಿಕೆ ಓದುವವರಿಗೆ ಸಾರ್ವಜನಿಕ ಉದ್ದಿಮೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎಲ್ಲರ ಬಾಯಲ್ಲೂ ಎಸ್‌ಎಂಪಿಎಸ್. ಮೊಬೈಲ್ ಚಾರ್ಜರ್ ಕೂಡ ಅದೇ ತತ್ವದ್ದು ಎಂಬುದು ನಿಜ, ಆದರೆ ಅಂಗಡಿಯಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ.

ಯುಪಿಎಸ್ ಬಗ್ಗೆಯೂ ಒಂದು ಪ್ರಶ್ನೆ ಉಳಿದಿದೆ. ‘600 ವಿಎ’ (ವೋಲ್ಟ್-ಆಂಪಿಯರ್) ಎಂದು ಮಾರುವ ಸಾಮಾನ್ಯ ಯುಪಿಎಸ್ ಕೊಡಬಲ್ಲದ್ದು ಸುಮಾರು 360 ವ್ಯಾಟ್. ಮೇಲಿನ ಕಂಪ್ಯೂಟರ್ ಪೂರ್ತಿ ದುಡಿಯುವಾಗ 400 ಎಳೆಯುತ್ತದೆ. ಕರೆಂಟ್ ಹೋದ ಕೂಡಲೇ ಯಂತ್ರ ಆರಿಹೋಗಲು ಇಷ್ಟು ಸಾಕು. ವೋಲ್ಟ್-ಆಂಪಿಯರ್‌ಗೂ ವ್ಯಾಟ್‌ಗೂ ಇರುವ ಈ ವ್ಯತ್ಯಾಸವನ್ನು ‘ತೋರಿಕೆಯ ಸಾಮರ್ಥ್ಯ’, ‘ನಿಜ ಸಾಮರ್ಥ್ಯ’ ಎಂದು ಹೇಳಬಹುದೇ? ಇಂಜಿನಿಯರಿಂಗ್ ಡಿಪ್ಲೊಮಾವನ್ನು ಕನ್ನಡದಲ್ಲಿ ಪಾಠ ಮಾಡುವವರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ.

‘ಎಳೆಯುವುದು’ ಬಗ್ಗೆ ಎಲ್ಲ ಸೀಮೆಯವರಿಂದಲೂ ಉತ್ತರ ಬೇಕು. ಧಾರವಾಡ, ಕಲಬುರಗಿ, ಮಂಗಳೂರಿನ ಕಡೆ ಎಲೆಕ್ಟ್ರಿಷಿಯನ್ನರು, ಮೋಟಾರ್ ರಿವೈಂಡಿಂಗ್ ಮಾಡುವವರು ಹೀಗೆಯೇ ಹೇಳುತ್ತಾರೆಯೇ, ಅಥವಾ ‘ತಿನ್ನುತ್ತದೆ’, ‘ಜಗ್ಗುತ್ತದೆ’, ‘ಹಿಡಿಯುತ್ತದೆ’ ಎನ್ನುತ್ತಾರೆಯೇ? ಕೇಳಿದ ವಾಕ್ಯವನ್ನೇ ಹಾಗೆಯೇ ಬರೆದು ಕಳುಹಿಸಿದರೆ ಬಹಳ ಉಪಕಾರ.