ಬೂಮ್ ಬ್ರೇಕ್ ಹಗ್ಗ: ನಡುವ ಸಡಿಲ, ಹೊರಗ ಹೋದ್ರ ಬಿಗಿ. ಯಾಕ?

ಹಿನ್ನೀರ_ಹಾಯಿ (ಬಾಗಲಕೋಟೆ):
18 ಅಡಿ ಹಾಯಿದೋಣಿ, ಬೂಮ್ (ಹಾಯಿಯ ಕೆಳಗಿನ ಅಡ್ಡಕೋಲು) 2.6 ಮೀಟರ್. ಆಲಮಟ್ಟಿ ಹಿನ್ನೀರಾಗ ಮಳಿಗಾಲದ ಪಡುವಣ ಗಾಳಿ ಬೆನ್ನಿಗೆ ತಗೊಂಡು ಹೊಂಟಾಗ ಬೂಮ್ ದಡಕ್ಕನ ಹೊಳ್ಳತೈತಿ. ಅದರ ಓಟ ತಡಿಯೂ ಬ್ರೇಕ್ ಆಗ್ಲಿ ಅಂತ ಬಂಡೆ ಹತ್ತೋರ ಫಿಗರ್ ಎಯ್ಟ್ (ಎಂಟರ ಆಕಾರದ ಲೋಹದ ಬಳಿ) ಬೂಮಿಗೆ ಪಟ್ಟಿಯಿಂದ ತೂಗಬಿಟ್ಟು, ಅದಕ್ಕ 10 ಎಂಎಂ ಹಗ್ಗ ಸುತ್ತಿ, ಎರಡೂ ತುದಿ ಎರಡೂ ಬದಿಯ ಚೈನ್‌ಪ್ಲೇಟಿಗೆ (ಮಾಸ್ಟ್ ಅಂದ್ರ ಹಾಯಿಕಂಬ ಹಿಡಿಯೂ ಶ್ರೌಡ್ ತಂತಿ ದೋಣಿಗೆ ಕಟ್ಟೂ ಪಟ್ಟಿ) ಕಟ್ಟೇನಿ. ಎಯ್ಟ್ ಮಾಸ್ಟಿನಿಂದ 1.1 ಮೀ. ಹಿಂದ, ಡೆಕ್ಕಿನಿಂದ (ದೋಣಿಯ ಮ್ಯಾಲಿನ ಹಾಸು) 80 ಸೆಂ.ಮೀ. ಮ್ಯಾಲೆ ಐತಿ. ಬೂಮ್ ನಡುವ ಇದ್ದಾಗ ಹಗ್ಗ ಜೋತು ಬೀಳತೈತಿ, ಹೊರಗ ಬಿಟ್ರ ಅರ್ಧಕ್ಕ ಸಿಕ್ಕೊಂಡು ನಿಲ್ಲತೈತಿ. ಸುತ್ತು ಕಮ್ಮಿ ಮಾಡಲೇನು?

ಗಾಳಿಪಟ್ಟಿ:
ಸುತ್ತಿನ ತಪ್ಪಲ್ಲರಿ, ಕಟ್ಟಿದ ಜಾಗದ್ದು. ಚೈನ್‌ಪ್ಲೇಟ್ ಮಾಸ್ಟಿನ ಸಾಲಿನಿಂದ ಎಷ್ಟು ಹಿಂದ ಅದಾವ?

ಹಿನ್ನೀರ_ಹಾಯಿ:
60 ಸೆಂ.ಮೀ. ನಡುಗೆರಿಯಿಂದ ಆ ಕಡೆ ಈ ಕಡೆ 80.

ಗಾಳಿಪಟ್ಟಿ:
ಹಂಗಾದ್ರ ಲೆಕ್ಕ ಕೂಡತೈತಿ. ಬೂಮ್ ನಡುವ ಇದ್ದಾಗ ಎರಡೂ ಕಡೆ ಸೇರಿ ಹಗ್ಗಕ್ಕ 2.47 ಮೀ. ಸಾಕು, 75 ಡಿಗ್ರಿ ಹೊರಗ ಹೋದಾಗ 2.95 ಬೇಕು. ಆ 48 ಸೆಂ.ಮೀ. ಎಲ್ಲಿಂದ ಬರಬೇಕು? ಅದಕ್ಕ ಸಿಕ್ಕೊಳ್ಳತೈತಿ. ಜೈಬಿನಾಗ (ಬೆನ್ನಗಾಳಿಯಾಗ ಬೂಮ್ ಒಂದು ಕಡೆಯಿಂದ ಇನ್ನೊಂದು ಕಡೆ ಹೊಳ್ಳೂದು) ಬೂಮ್ ಜೋರಾಗಿ ಓಡೂದು ನಡುವ, ಅಲ್ಲೇ ನಿಮಗ ಬ್ರೇಕ್ ಇಲ್ಲ. ಕಟ್ಟೂ ಜಾಗ ಮುಂದ ತರ್ರಿ. ಮಾಸ್ಟಿನಿಂದ 20 ಸೆಂ.ಮೀ. ಹಿಂದ ಇಟ್ರ ನಡುವ 2.89, ಹೊರಗ 2.88, ಅಂದ್ರ ಒಂದೇ. ಪೂರ್ತಿ ಮಾಸ್ಟಿನ ಸಾಲಿಗೇ ತಂದ್ರ ಉಲ್ಟಾ, ಹೊರಗ 22 ಸೆಂ.ಮೀ. ಸಡಿಲ. ತೂತು ಕೊರಿಯೂಕಿಂತ ಮೊದಲ ಹಾಯಿ ಇಳಿಸಿ, ದಂಡಿಯಾಗ ಬೂಮ್ ಕೈಲೆ ತಿರುಗಿಸಿ ಟೇಪ್ ಹಿಡಿದು ಅಳೀರಿ.

ಕೃಷ್ಣೆ_ದಂಡಿ:
ಮ್ಯಾಲಿನ ಮಾತು ಖರೆ. ಇನ್ನೊಂದು: ಹಗ್ಗ ಮುಂದ ಎಳಿಯೂದ್ರಿಂದ ಎಯ್ಟ್ ತೂಗಬಿಡಾಕ ಬೂಮಿಗೆ ಸುತ್ತಿದ ಪಟ್ಟಿ ಮಾಸ್ಟಿನ ಕಡೆ ಸರೀತೈತಿ. ಬೂಮಿನ ಹಿಂತುದಿಗೆ ಒಂದು ಸಣ್ಣ ಹಗ್ಗದಿಂದ ಅದನ್ನ ಎಳೆದು ಕಟ್ರಿ. ಹಗ್ಗ ಯಾವುದು? ಸಂತಿಯಾಗ ಸಿಗೂ ಹೊಳಿಯೂ ಪ್ಲಾಸ್ಟಿಕ್ ಹಗ್ಗ ಆಗಿದ್ರ ತಗೀರಿ, ತಿಕ್ಕಾಟದ ಕಾವಿಗೆ ಕರಗತೈತಿ. ಬಾದಾಮಿಯಾಗ ಬಂಡೆ ಹತ್ತೋರು ಬಳಸೂ ಡೈನಾಮಿಕ್ ಹಗ್ಗ ಚಲೋ, ಹಿಗ್ಗಿ ಜಗ್ಗು ನುಂಗತೈತಿ. ಒಂದು ತುದಿ ಗಟ್ಟಿ ಕಟ್ಟಿ, ಇನ್ನೊಂದು ಬ್ಲಾಕ್ (ರಾಟಿ) ಮೂಲಕ ಕಾಕ್‌ಪಿಟ್ಟಿನ (ದೋಣಿ ನಡಸೋರು ಕುಂಡ್ರೂ ಜಾಗ) ಕ್ಲೀಟಿಗೆ (ಹಗ್ಗ ಬಿಗಿ ಹಿಡಿಯೂ ಕೊಂಡಿ) ತರ್ರಿ, ಕುಂತಲ್ಲೇ ಬಿಗಿ-ಸಡಿಲ ಮಾಡಬಹುದು. ಹಿನ್ನೀರಿನ ರಾಡಿ ಹಗ್ಗಕ್ಕ ಉಸುಕಿನ ಕಾಗದ ಇದ್ದಂಗ, ದಿನಾ ತಿಳಿನೀರಾಗ ತೊಳೀರಿ.

ಹಿನ್ನೀರ_ಹಾಯಿ:
ಹೊಸ ಪ್ಯಾಡ್‌ಐ (ಹಗ್ಗ ಕಟ್ಟೂ ಲೋಹದ ಬಳಿ) ಹಾಕೂ ಜಾಗದಾಗ ಫೈಬರಿನ ನಡುವ ಪ್ಲೈವುಡ್ ಐತಿ. ಸ್ಕ್ರೂ ನಡಿಯೂದಿಲ್ಲೇನು?

ಕೃಷ್ಣೆ_ದಂಡಿ:
ಇಲ್ಲರಿ, ಒಂದ ಜಗ್ಗಿಗೆ ಕಿತ್ತು ಬರತಾವ. ಬೋಲ್ಟೇ ಬೇಕು, ಕೆಳಗ ಸ್ಟೀಲ್ ತಗಡು. ತೂತು ಬೋಲ್ಟಿಗಿಂತ ದೊಡ್ಡದು ಕೊರದು ಎಪಾಕ್ಸಿ ತುಂಬ್ರಿ. ಗಟ್ಟಿ ಆದ ಮ್ಯಾಲೆ ನಡುವ ಬೋಲ್ಟಿನಷ್ಟೇ ತೂತು ತಗೀರಿ. ಇಲ್ಲಂದ್ರ ನೀರು ಇಳಿದು ಪ್ಲೈವುಡ್ ಕೊಳೀತೈತಿ.